ಆಫ್ ಮಾಡೋದು ಯಾರು?

ಫೆಬ್ರವರಿ ಎರಡನೇ ವಾರ. ಇಂಟರ್ನಲ್ಸ್ ಹಿಂದಿನ ರಾತ್ರಿ ಅಪ್ಪ ಫೋನ್ ಮಾಡಿದ್ರು. "ಪುಟ್ಟಿ, ಬ್ಯಾಂಕಲ್ಲಿ ಎರಡು ಸಲ ದುಡ್ಡು ಕಟ್ ಆಗಿದೆ ಕಣಮ್ಮ. ನಿಂಗೇನಾದ್ರೂ ಗೊತ್ತಾ?"

ಜನವರಿಯಲ್ಲಿ 3,870 ರೂಪಾಯಿ, ಫೆಬ್ರವರಿಯಲ್ಲಿ 5,580. ಒಟ್ಟು 9,450. ಕಟ್ ಆಗೋ ಮುಂಚೆ ಇಂಗ್ಲಿಷಿನಲ್ಲಿ ಮೆಸೇಜ್ ಬಂದಿತ್ತಂತೆ. ಬ್ಯಾಂಕಿನವರದ್ದು ಯಾವಾಗ್ಲೂ ಬರೋ ಮೆಸೇಜು ಅಂದ್ಕೊಂಡು ಅಪ್ಪ ಬಿಟ್ಟಿದ್ರು.

ನನಗೆ ಗೊತ್ತಿತ್ತು. ಆ ಕಾರ್ಡ್ ನಂಬರನ್ನ ಟೈಪ್ ಮಾಡಿದ್ದೇ ನಾನು.

ಐದನೇ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್‌ಗೆ ನಾವು ನಾಲ್ಕು ಜನ ಒಂದು ಆ್ಯಪ್ ಮಾಡಿದ್ವಿ. ಲ್ಯಾಪ್‌ಟಾಪಿನಲ್ಲೇ ಓಡಿಸಿ ತೋರಿಸಬಹುದಿತ್ತು. ಆದರೆ ಪಕ್ಕದ ಟೀಮ್‌ನವರು ಕ್ಲೌಡ್‌ನಲ್ಲಿ ಹಾಕಿದ್ರು, ನಾವು ಸುಮ್ನಿರೋಕಾಗುತ್ತಾ? ಅಕೌಂಟ್ ತೆರೆಯೋಕೆ ಕಾರ್ಡ್ ಬೇಕು ಅಂತ ಬಂತು. ಅಪ್ಪನ ಕಾರ್ಡ್ ಕೊಟ್ಟೆ. "ದುಡ್ಡೇನೂ ಹೋಗಲ್ಲಪ್ಪ, ಫ್ರೀ ಕ್ರೆಡಿಟ್ ಇದೆ" ಅಂದೆ. ಸುಳ್ಳಲ್ಲ, ಕ್ರೆಡಿಟ್ ಇತ್ತು. ಅದು ಮುಗಿಯುತ್ತೆ ಅನ್ನೋದನ್ನ ಮಾತ್ರ ನಾನೂ ಯೋಚಿಸಿರಲಿಲ್ಲ.

ನವೆಂಬರ್ ಕೊನೆಗೆ ಡೆಮೊ ಆಯ್ತು, ಒಳ್ಳೇ ಮಾರ್ಕ್ಸೂ ಬಂತು. ವರ್ಚುವಲ್ ಮಷೀನ್, ಡೇಟಾಬೇಸ್ ಎರಡನ್ನೂ 'ಸ್ಟಾಪ್' ಮಾಡಿ ಪಾನಿಪುರಿ ತಿನ್ನೋಕೆ ಹೋದ್ವಿ. ಮತ್ತೆ ಯಾರೂ ಆ ಕಡೆ ತಲೆ ಹಾಕಲಿಲ್ಲ.

ಅಪ್ಪನ ಫೋನ್ ಇಟ್ಟಮೇಲೆ ಬಿಲ್ ತೆಗೆದು ಒಂದೊಂದೇ ಸಾಲು ಓದಿದೆ. ಮಷೀನ್ ನಿಂತೇ ಇತ್ತು, ಅದರ ಗಂಟೆ ಲೆಕ್ಕ ಸೊನ್ನೆ. ಆದರೆ ಅದಕ್ಕೆ ಅಂಟಿಕೊಂಡಿದ್ದ 100 ಜಿಬಿ ಡಿಸ್ಕ್‌ಗೆ ಬಾಡಿಗೆ ನಡೀತಾನೇ ಇತ್ತು. ಮಷೀನ್ ಮಲಗಿದ್ರೂ ಡಿಸ್ಕ್ ಜಾಗ ಹಿಡಿದಿರುತ್ತಲ್ಲ! ನಮ್ಮ ಡೇಟಾ ಇದ್ದದ್ದು 2 ಜಿಬಿ ಕೂಡ ಇಲ್ಲ. ಲೋಡ್ ಬ್ಯಾಲೆನ್ಸರ್ ಹಿಂದೆ ಒಂದೂ ಸರ್ವರ್ ಇಲ್ಲದೆ ಹಗಲೂ ರಾತ್ರಿ ಕಾಯ್ತಾ ಕೂತಿತ್ತು. ಪಬ್ಲಿಕ್ ಐಪಿ ವಿಳಾಸಕ್ಕೂ ಗಂಟೆ ಲೆಕ್ಕದಲ್ಲಿ ಬಾಡಿಗೆ.

ಅತಿ ದೊಡ್ಡ ಸಾಲು ಡೇಟಾಬೇಸ್‌ದು. ಸ್ಟಾಪ್ ಮಾಡಿದ್ವಲ್ಲ? ನಾವು ಬಳಸಿದ ಸೇವೆಯಲ್ಲಿ ನಿಲ್ಲಿಸಿದ ಡೇಟಾಬೇಸ್ ಏಳು ದಿನ ಆದಮೇಲೆ ತಾನಾಗೇ ಶುರುವಾಗುತ್ತೆ. ಅವರ ಡಾಕ್ಯುಮೆಂಟೇಶನ್‌ನಲ್ಲಿ ಸ್ಪಷ್ಟವಾಗಿ ಬರೆದಿದೆ. ನಾಲ್ಕು ಜನರಲ್ಲಿ ಒಬ್ಬರೂ ಓದಿರಲಿಲ್ಲ.

ಬಜೆಟ್ ಅಲರ್ಟ್ ಕೂಡ ಹಾಕಿದ್ವಿ. ಅದು ಎಚ್ಚರಿಸುತ್ತೆ ಅಷ್ಟೇ, ಏನನ್ನೂ ನಿಲ್ಲಿಸಲ್ಲ. ಎಚ್ಚರಿಕೆ ಹೋಗ್ತಿದ್ದದ್ದು ಪ್ರಾಜೆಕ್ಟ್‌ಗೆ ಅಂತ ತೆರೆದ ಜಿಮೇಲ್‌ಗೆ. ಡೆಮೊ ಆದಮೇಲೆ ಅದನ್ನ ಯಾರೂ ತೆರೆದಿರಲಿಲ್ಲ.

ಶನಿವಾರ ಊರಿಗೆ ಹೋದೆ. ನಮ್ಮದು ಚಿಕ್ಕನಾಯಕನಹಳ್ಳಿ ಕಡೆ, ಸ್ವಲ್ಪ ತೆಂಗು, ಎರಡು ಹಸು. ಆ ಕಾರ್ಡಿನ ಖಾತೆಗೇ ಡೈರಿಯ ಬಟವಾಡೆ ಬೀಳೋದು. ಲೀಟರಿಗೆ 35 ರೂಪಾಯಿ ಅಂತ ಹಿಡಿದ್ರೂ 270 ಲೀಟರ್ ಹಾಲಿನ ದುಡ್ಡು ನಾನು ಖಾಲಿ ಮಾಡಿದ್ದೆ. ಆ ತಿಂಗಳು ಬೂಸಾ ಸಾಲ ತಂದಿದ್ದು ಅಂತ ಅಮ್ಮ ಹೇಳಿದ್ರು, ಅಪ್ಪ ಹೇಳಲಿಲ್ಲ.

ಸಂಜೆ ತೋಟದಲ್ಲಿ ಅಪ್ಪನಿಗೆ ಎಲ್ಲಾ ವಿವರಿಸಿದೆ. ಡೇಟಾಬೇಸ್ ತಾನೇ ಶುರುವಾಗಿದ್ದನ್ನ ಹೇಳ್ತಿದ್ದ ಹಾಗೇ ಅಪ್ಪ ನಕ್ಕುಬಿಟ್ರು. "ಆಟೋ ಸ್ಟಾರ್ಟರ್ ಇದ್ದಂಗೆ ಅನ್ನು!"

ನಮ್ಮಲ್ಲಿ ತ್ರೀ ಫೇಸ್ ಕರೆಂಟ್ ಎಷ್ಟು ಹೊತ್ತಿಗೆ ಬರುತ್ತೋ ಹೇಳೋಕಾಗಲ್ಲ. ನಡುರಾತ್ರಿ ಎದ್ದು ಹೋಗೋ ಬದಲು ಬೋರ್‌ವೆಲ್‌ಗೆ ಆಟೋ ಸ್ಟಾರ್ಟರ್ ಹಾಕ್ತಾರೆ. ಕರೆಂಟ್ ಬಂದ ತಕ್ಷಣ ಮೋಟರ್ ಓಡುತ್ತೆ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಉಚಿತ, ಹಾಗಾಗಿ ಆಫ್ ಮಾಡೋ ಗೋಜಿಗೆ ಹೋಗೋರು ಕಮ್ಮಿ. ಪಾತಿ ತುಂಬಿ ನೀರು ದಾರಿಗೆ ಹರಿದಿದ್ದನ್ನ ನಾನೇ ಎಷ್ಟೋ ಸಲ ದಾಟಿಕೊಂಡು ಶಾಲೆಗೆ ಹೋಗಿದ್ದೀನಿ. ಕರೆಂಟ್ ಪುಕ್ಕಟೆ ಇರಬಹುದು, ನೆಲದೊಳಗಿನ ನೀರು ಪುಕ್ಕಟೆ ಅಲ್ಲ. ಅದು ಗೊತ್ತಾಗೋದು ಬೋರ್ ಬತ್ತಿದ ಮೇಲೆ.

"ಈಗ ಆಫ್ ಮಾಡಿದ್ದೀಯಾ?" ಅಂತ ಕೇಳಿದ್ರು.

"ಮತ್ತೆ ಸ್ಟಾಪ್ ಮಾಡಿದ್ದೀನಿ, ಡಿಲೀಟ್ ಮಾಡಿಲ್ಲ."

"ಸ್ಟಾರ್ಟರ್ ಆಫ್ ಮಾಡಿದ್ರೆ ಸಾಲ್ದಮ್ಮ, ಫ್ಯೂಸ್ ಕೀಳಬೇಕು."

ತೋಟದ ಬದುವಿನ ಮೇಲೆ ಕೂತು ಫ್ಯೂಸ್ ಕಿತ್ತೆ. ಮೊದಲು ಡೇಟಾಬೇಸ್‌ನ ಪ್ರತಿ ಇಳಿಸಿಕೊಂಡೆ. ಬರೀ 40 ಎಂಬಿ. ಆಮೇಲೆ ಡೇಟಾಬೇಸ್, ಲೋಡ್ ಬ್ಯಾಲೆನ್ಸರ್, ಮಷೀನ್, ಡಿಸ್ಕ್, ಐಪಿ, ಹಳೇ ಸ್ನ್ಯಾಪ್‌ಶಾಟ್‌ಗಳು, ಎಲ್ಲವನ್ನೂ ಅಳಿಸಿದೆ. ಬೇರೆ ರೀಜನ್‌ಗಳನ್ನೂ ಒಂದೊಂದಾಗಿ ತೆಗೆದು ನೋಡಿದೆ. ಕಲಿಯೋವಾಗ ತಪ್ಪಿ ಇನ್ನೊಂದು ರೀಜನ್‌ನಲ್ಲಿ ಶುರು ಮಾಡಿದ್ದ ಡಿಸ್ಕ್ ಒಂದು ಅಲ್ಲೂ ಸಿಕ್ತು.

ನಾಲ್ಕೂ ಜನ ಸೇರಿ ದುಡ್ಡನ್ನ ಅಪ್ಪನಿಗೆ ವಾಪಸ್ ಕೊಟ್ವಿ. ಕ್ಯಾಂಟೀನ್ ಕಡೆ ಹೋಗೋದು ಕಮ್ಮಿ ಮಾಡಿ ಎರಡು ತಿಂಗಳು ಹಿಡೀತು.

ಈ ಸೆಮಿಸ್ಟರ್ ಹೊಸ ಪ್ರಾಜೆಕ್ಟ್ ಶುರುವಾದಾಗ ಮೊದಲು ಒಂದು ಲೆಕ್ಕ ಹಾಕಿದ್ವಿ. ತಿಂಗಳಿಗೆ ಸುಮಾರು 730 ಗಂಟೆ. ನಾವು ಕೆಲಸ ಮಾಡೋದು ದಿನಕ್ಕೆ ನಾಲ್ಕು ಗಂಟೆ, ವಾರಕ್ಕೆ ಐದು ದಿನ, ಅಂದ್ರೆ ತಿಂಗಳಿಗೆ ಹೆಚ್ಚೂಕಮ್ಮಿ 80 ಗಂಟೆ. ಮಷೀನನ್ನ ಇಡೀ ತಿಂಗಳು ಬಿಟ್ಟಿದ್ರೆ ನೂರಕ್ಕೆ ಎಂಬತ್ತೊಂಬತ್ತು ಪಾಲು ಖಾಲಿ ಓಡ್ತಿತ್ತು. ಈಗ ರಾತ್ರಿ ಹತ್ತಕ್ಕೆ ತಾನೇ ನಿಲ್ಲೋ ಹಾಗೆ ಶೆಡ್ಯೂಲ್ ಹಾಕಿದ್ದೀವಿ. ಶುರು ಮಾಡೋದು ಮಾತ್ರ ಕೈಯಿಂದಲೇ. ಸಿಪಿಯು ಬಳಕೆ ನೋಡಿ, ಬೇಕಾದಷ್ಟೇ ಚಿಕ್ಕ ಮಷೀನ್ ತಗೊಂಡಿದ್ದೀವಿ. ಬರೀ ಎಚ್‌ಟಿಎಂಎಲ್ ಪುಟಗಳನ್ನ ಗಿಟ್‌ಹಬ್ ಪೇಜಸ್‌ನಲ್ಲಿ ಪುಕ್ಕಟೆ ಇಟ್ಟಿದ್ದೀವಿ, ಅದಕ್ಕೆ ಸರ್ವರ್ರೇ ಬೇಡ. ಅಲರ್ಟ್ ನಾಲ್ಕೂ ಜನರ ಸ್ವಂತ ಮೇಲ್‌ಗೆ ಬರುತ್ತೆ.

ಇವೆಲ್ಲ ಗೂಗಲ್ ಮಾಡಿದ್ರೆ ಸಿಗೋ ವಿಷಯ. ನಮಗೆ ಬೇಕಾಗಿದ್ದದ್ದು ಇನ್ನೊಂದು. ಡಿಸೆಂಬರ್‌ನಲ್ಲಿ ನಾಲ್ಕೂ ಜನ 'ಇನ್ನೊಬ್ರು ನೋಡ್ಕೊಂಡಿರ್ತಾರೆ' ಅಂದ್ಕೊಂಡಿದ್ವಿ. ಈಗ ಪ್ರತಿ ಮಷೀನ್‌ಗೂ ಎರಡು ಟ್ಯಾಗ್ ಕಡ್ಡಾಯ: ಶುರು ಮಾಡಿದವರ ಹೆಸರು, ಅಳಿಸೋ ತಾರೀಖು. ಹೆಸರಿಲ್ಲದ್ದು ಕಂಡರೆ ಗ್ರೂಪ್‌ನಲ್ಲಿ ಒಂದೇ ಪ್ರಶ್ನೆ: "ಇದನ್ನ ಆಫ್ ಮಾಡೋದು ಯಾರು?"

ಹೋದ ಸೆಮಿಸ್ಟರ್ ನೀವೂ ಏನಾದ್ರೂ ಕ್ಲೌಡ್‌ಗೆ ಹಾಕಿದ್ರೆ, ಇವತ್ತೇ ಒಂದ್ಸಲ ಬಿಲ್ಲಿಂಗ್ ಪುಟ ತೆಗೆದು ನೋಡಿ. ಅಲ್ಲಿರೋ ಕಾರ್ಡ್ ಯಾರದ್ದು ಅನ್ನೋದನ್ನೂ ನೋಡಿ.