ಮಾರುತಿಯ ಉಸಿರು

ಮೂವತ್ತಕ್ಕೂ ಮಿಕ್ಕ ವರ್ಷಗಳ ಕಾಲ ಹುಡುಗರಿಂದ ಶಬ್ದರೂಪಗಳನ್ನು ಕಂಠಪಾಠ ಮಾಡಿಸಿ ವಿಶ್ರಾಂತರಾದ ನಮಗೆ ಮೋಟಾರು ಯಂತ್ರದ ವಿಚಾರವಾಗಿ ಬರೆಯುವ ಯೋಗ ಬಂದೀತೆಂದು ಕನಸಿನಲ್ಲಿಯೂ ಎಣಿಸಿರಲಿಲ್ಲ. ಆ ಶಾಸ್ತ್ರದಲ್ಲಿ ನಾವು ನಿರಕ್ಷರಕುಕ್ಷಿಗಳು. ಆದರೂ ಒಂದು ಕಾರಿನ ಧ್ವನಿಯ ನಿಮಿತ್ತವಾಗಿ ಕಳೆದ ವರ್ಷ ನಮ್ಮ ಮನೆಯಲ್ಲಿ ನಡೆದ ಸಂಗತಿಯನ್ನು ವಾಚಕರ ಮುಂದಿಡಬೇಕೆಂದು ತೋರಿದೆ. ಅದರಲ್ಲಿ ನಮ್ಮ ತಪ್ಪೂ ಒಂದು ಪಾಲುಂಟು.

ಮೈಸೂರಿನಲ್ಲಿ ನಮ್ಮ ಸಂಸಾರವೂ ತಮ್ಮನ ಸಂಸಾರವೂ ಒಂದೇ ಮನೆಯಲ್ಲಿವೆ. ತಮ್ಮನು ತೀರಿಕೊಂಡು ಮೂರು ವರ್ಷಗಳಾದವು. ಅವನು ಬಿಟ್ಟುಹೋದ ವಸ್ತುಗಳಲ್ಲಿ ಮಾರುತಿ ಸಂಸ್ಥೆಯ ಕಾರೊಂದು ಇದೆ. ನಾಲ್ಕು ಸಿಲಿಂಡರಿನದು, 1,200 ಸಿ.ಸಿ.ಯದು. ಅವನ ಮಗನು ಉದ್ಯೋಗಕ್ಕೆ ಸೇರಿದ ಮೇಲೆ ಅದನ್ನು ನಡೆಸತೊಡಗಿದನು. ಒಂದು ಭಾನುವಾರ ಅವನು ನಮ್ಮ ಬಳಿಗೆ ಬಂದು, “ದೊಡ್ಡಪ್ಪ, ನಮ್ಮ ಕಾರಿಗೆ ಕಂಠವೇ ಇಲ್ಲ. ಗಾಳಿ ಎಳೆದುಕೊಳ್ಳುವ ಪೆಟ್ಟಿಗೆಯನ್ನು ತೆಗೆದು ಬೇರೆ ಫಿಲ್ಟರು ಹಾಕಿದರೆ ಒಳ್ಳೆಯ ಧ್ವನಿ ಬರುತ್ತದೆ. ಅಮ್ಮನಿಗೆ ನೀವೇ ಒಂದು ಮಾತು ಹೇಳಬೇಕು” ಎಂದನು.

ಕಂಠವೆಂಬ ಮಾತು ನಮ್ಮನ್ನು ಹಿಡಿದುಹಾಕಿತು. ದೇಹದ ಅಗ್ನಿಯಿಂದ ಪ್ರೇರಿತವಾದ ವಾಯುವು ಎದೆಯಲ್ಲಿ ಸಂಚರಿಸಿ ಮಂದ್ರಸ್ವರವನ್ನು ಹುಟ್ಟಿಸುವುದೆಂದು ಪಾಣಿನೀಯ ಶಿಕ್ಷೆಯಲ್ಲಿ ಓದಿದ್ದ ನಮಗೆ, ಅಗ್ನಿಯೂ ವಾಯುವೂ ಕೂಡಿದ ಈ ಯಂತ್ರಕ್ಕೂ ಕಂಠವಿರಬಾರದೇಕೆಂಬ ಕುತೂಹಲ ಹುಟ್ಟಿತು. ಹೆಸರಾದರೋ ಸಾಕ್ಷಾತ್ ವಾಯುಪುತ್ರನದು! ಹುಡುಗನು ಬಾನೆಟ್ಟನ್ನು ಎತ್ತಿ ನಿಲ್ಲಿಸಿದನು. ಶಿಷ್ಯನು ಗುರುವಾದನು, ನಾವು ಬಗ್ಗಿ ನೋಡಿದೆವು.

ಕಾರಿನ ಸದ್ದೆಂದರೆ ಹಿಂದಿನ ಹೊಗೆಕೊಳವೆಯ ಸದ್ದೆಂದೇ ನಾವು ತಿಳಿದಿದ್ದೆವು. ಹಾಗಲ್ಲ. ಯಂತ್ರವು ಉಸಿರು ಬಿಡುವಾಗ ಮಾತ್ರವಲ್ಲ, ಎಳೆಯುವಾಗಲೂ ದನಿಗೈಯುತ್ತದೆ. ನಿಮಿಷಕ್ಕೆ 3,000 ಸುತ್ತು ತಿರುಗುವಾಗ ನಾಲ್ಕು ಸಿಲಿಂಡರುಗಳೂ ಕೂಡಿ ಸೆಕೆಂಡಿಗೆ 100 ಸಲ ಗಾಳಿಯನ್ನು ಸೆಳೆಯುತ್ತವೆ. ಒಂದೊಂದು ಸೆಳೆತದಿಂದಲೂ ಎದ್ದ ಅಲೆಯು ಗಾಳಿ ಬಂದ ದಾರಿಯಲ್ಲಿಯೇ ಹಿಮ್ಮುಖವಾಗಿ ಓಡಿ, ಕೊಳವೆಯ ಬಾಯಿಂದ ಧ್ವನಿಯಾಗಿ ಹೊರಬೀಳುವುದು. ಕಾರು ಮಾಡಿದವರು ನಡುವೆ ಒಂದು ದೊಡ್ಡ ಪೆಟ್ಟಿಗೆಯನ್ನಿಟ್ಟು, ಅದರಲ್ಲಿ ಧೂಳನ್ನು ತಡೆಯುವ ಕಾಗದದ ಫಿಲ್ಟರನ್ನಿರಿಸಿ, ಧೂಳಿನೊಂದಿಗೆ ಧ್ವನಿಯನ್ನೂ ಅಲ್ಲಿಯೇ ಅಡಗಿಸುತ್ತಾರೆ.

ಆ ಪೆಟ್ಟಿಗೆಗೆ ಹೋಗುವ ಕೊಳವೆಯ ಪಕ್ಕಕ್ಕೆ ಸಣ್ಣ ಕುತ್ತಿಗೆಯಿಂದ ಅಂಟಿಕೊಂಡ ಟೊಳ್ಳು ಬುರುಡೆಯೊಂದಿತ್ತು. ಗಾಳಿ ಅದರ ಮೂಲಕ ಹಾಯುವುದಿಲ್ಲ. ಆಚೆ ತುದಿ ಮುಚ್ಚಿದೆ. ಇದೇಕೆಂದು ಕೇಳಿದಾಗ ಹುಡುಗನು “ಏನೋ ಒಂದು, ದೊಡ್ಡಪ್ಪ” ಎಂದನು. ಉತ್ತರವನ್ನು ನಾವೇ ಆಮೇಲೆ ಪುಸ್ತಕಾಲಯದಲ್ಲಿ ಹುಡುಕಿದೆವು. ಬರಿಯ ಚೆಂಬಿನ ಬಾಯಿಗೆ ಅಡ್ಡಲಾಗಿ ಊದಿದರೆ ಅದು ಒಂದೇ ಸ್ವರದಲ್ಲಿ ಗುಂಯ್ಗುಡುವುದನ್ನೂ, ನೀರು ತುಂಬಿದಷ್ಟೂ ಆ ಸ್ವರವು ಏರುವುದನ್ನೂ ಮಕ್ಕಳೆಲ್ಲರೂ ಬಲ್ಲರು. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಎಂಬ ಪಂಡಿತನು 1863ರಲ್ಲಿ ಪ್ರಕಟಿಸಿದ ಸ್ವರವಿಚಾರದ ಗ್ರಂಥದಲ್ಲಿ ಇಂತಹ ಟೊಳ್ಳು ಪಾತ್ರೆಗಳಿಂದಲೇ ಕೂಡುಧ್ವನಿಯ ಸ್ವರಗಳನ್ನು ಬೇರ್ಪಡಿಸಿ ಕೇಳುವ ಬಗೆಯನ್ನು ವಿವರಿಸಿದನು. ಕಾರಿನ ಬುರುಡೆಯೂ ಅದೇ ಜಾತಿಯದು. ಯಾವುದೋ ಒಂದು ವೇಗದಲ್ಲಿ ಕೂಗುವ ಒಂದು ಸ್ವರವನ್ನು ಗುರಿಯಿಟ್ಟು ನುಂಗಲು ಅದನ್ನಿಟ್ಟಿರುತ್ತಾರೆ.

ನಮ್ಮನ್ನು ಪೂರ್ತಿಯಾಗಿ ಒಲಿಸಿಕೊಳ್ಳಲು ಹುಡುಗನು ಇನ್ನೊಂದು ಸಂಗತಿಯನ್ನು ಹೇಳಿದನು. 2010ರಲ್ಲಿ ಹೊರಬಂದ ಲೆಕ್ಸಸ್ ಎಲ್.ಎಫ್.ಎ. ಎಂಬ, ಹತ್ತು ಸಿಲಿಂಡರಿನ, ಕೇವಲ 500 ಮಾತ್ರವೇ ತಯಾರಾದ ಜಪಾನೀ ಕಾರಿಗೆ, ವಾದ್ಯಗಳಿಗೆ ಹೆಸರಾದ ಯಮಾಹಾ ಸಂಸ್ಥೆಯವರು ಧ್ವನಿಯನ್ನು ಹದಮಾಡಿ, ಗಾಳಿ ಸೆಳೆಯುವ ನಾದವು ಕುಳಿತವರಿಗೆ ಇಂಪಾಗಿ ಕೇಳುವಂತೆ ಮಾಡಿದರಂತೆ. ವಾದ್ಯಗಾರರೇ ಕೈಹಾಕಿದ ಮೇಲೆ ಇದು ಸಂಗೀತಶಾಸ್ತ್ರವೇ ಸರಿಯೆಂದು ನಾವು ತಲೆದೂಗಿ, ತಮ್ಮನ ಹೆಂಡತಿಗೆ ಹೇಳಿದೆವು. ಆಕೆ, “ನೀವು ಹೇಳಿದ ಮೇಲೆ ಇನ್ನೇನು ಭಾವ” ಎಂದಳು. ಅದು ಒಪ್ಪಿಗೆಯಲ್ಲವೆಂದು ತಿಳಿಯುವಷ್ಟು ವ್ಯಾಕರಣ ನಮಗೆ ಬಾರದೆಹೋಯಿತು.

ಪೆಟ್ಟಿಗೆ ಹೋಗಿ, ಶಂಕುವಿನ ಆಕಾರದ ತೆರೆದ ಫಿಲ್ಟರೊಂದು ಬಂದಿತು. ಮೊದಲ ದಿನ ನಮ್ಮನ್ನು ಕೂರಿಸಿಕೊಂಡು ಚಾಮುಂಡಿಬೆಟ್ಟದ ದಾರಿಯಲ್ಲಿ ಹೋದನು. ಸತ್ಯವನ್ನೇ ಹೇಳಿಬಿಡುವೆವು: ನಮಗೆ ಸಂತೋಷವಾಯಿತು. ಕಾಲಿನಿಂದ ಒತ್ತಿದೊಡನೆ ಮುಂಭಾಗದಿಂದ ಆಳವಾದ ಗರ್ಜನೆಯೊಂದು ಎದ್ದು, ನಮ್ಮ ಎದೆಯಲ್ಲಿ ಅನುರಣಿಸಿತು. ಹಿಂದಿರುಗುವಾಗ “ಇನ್ನೊಮ್ಮೆ ಒತ್ತು” ಎಂದವರು ನಾವೇ.

ಬೇಸಗೆ ಬಂದೊಡನೆ ಅದೇ ಏರಿನಲ್ಲಿ ಕಾರು ತೇಕತೊಡಗಿತು. ಗರ್ಜನೆಗೇನೂ ಕಡಿಮೆಯಿಲ್ಲ; ಬಲ ಮಾತ್ರ ಇಳಿದಿತ್ತು. ಹಳೆಯ ಕೊಳವೆಯು ಮುಂಭಾಗದ ಹೊರಗಾಳಿಯನ್ನು ತರುತ್ತಿದ್ದಿತು. ತೆರೆದ ಫಿಲ್ಟರು ಯಂತ್ರದ ಬಗಲಿನ ಬಿಸಿಗಾಳಿಯನ್ನೇ ಕುಡಿಯುತ್ತಿದ್ದಿತು. ಗಾಳಿಯ ಉಷ್ಣವು 30 ಡಿಗ್ರಿಯಿಂದ 60 ಡಿಗ್ರಿಗೆ ಏರಿದರೆ ಸಾಂದ್ರತೆಯು ನೂರಕ್ಕೆ ಸುಮಾರು ಒಂಬತ್ತು ಪಾಲು ತಗ್ಗುವುದು. ಉಸಿರು ತೆಳುವಾದ ಮೇಲೆ ಬಲವೆಲ್ಲಿಯದು? ಕೊಳವೆಯನ್ನು ಬಂಪರಿನ ಕೆಳಕ್ಕೆ ಇಳಿಸಿ ತಣ್ಣನೆಯ ಗಾಳಿ ತರುವೆನೆಂದು ಹುಡುಗನು ಹೊರಟಾಗ, ಮೆಕ್ಯಾನಿಕ್ಕನೊಬ್ಬನು ಬೇಡವೆಂದು ತಡೆದನು. ಮಳೆಯಲ್ಲಿ ರಸ್ತೆಯ ನೀರನ್ನು ಎಳೆದುಕೊಂಡರೆ, ನೀರು ಗಾಳಿಯಂತೆ ಕುಗ್ಗದಾದ್ದರಿಂದ ಒಳಗಿನ ಕನೆಕ್ಟಿಂಗ್ ರಾಡು ಬಾಗಿಹೋಗುವುದಂತೆ. ನಮ್ಮ ವಕೀಲ ಮಿತ್ರರು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮನ್ನೂ ಜ್ಞಾಪಿಸಿದರು. ಅದು ಗಾಳಿಯ ಫಿಲ್ಟರಿನವರೆಗೂ ಬರುವುದೋ ಎಂದು ಕೇಳಲು ನಮಗೆ ಧೈರ್ಯವಾಗಲಿಲ್ಲ.

ಇಷ್ಟೇ ಆಗಿದ್ದರೆ ನಾವು ಲೇಖನಿಯನ್ನು ಹಿಡಿಯುತ್ತಿರಲಿಲ್ಲ.

ತಮ್ಮನಿದ್ದ ಕಾಲದಲ್ಲಿ ಸಂಜೆ ಕಾರು ಬೀದಿಯ ಕೊನೆಯ ಹೊಂಗೆಮರದ ಬಳಿ ತಿರುಗಿದೊಡನೆ ಆತನ ಹೆಂಡತಿ ಹಾಲನ್ನು ಒಲೆಯ ಮೇಲಿಡುತ್ತಿದ್ದಳು. ಅವನು ಚಪ್ಪಲಿ ಬಿಟ್ಟು, ಕೈಕಾಲು ತೊಳೆದು ಬರುವ ವೇಳೆಗೆ ಕಾಫಿ ಸಿದ್ಧವಾಗಿರುತ್ತಿದ್ದಿತು. ಮಗನು ಅದೇ ಕಾರಿನಲ್ಲಿ ಬರತೊಡಗಿದ ಮೇಲೂ ಈ ಪದ್ಧತಿ ನಡೆದುಬಂದಿತ್ತು. ಒಂದೇ ಮನೆಯಲ್ಲಿದ್ದೂ ನಾವು ಇದನ್ನು ಗಮನಿಸಿರಲಿಲ್ಲ. ಫಿಲ್ಟರು ಬದಲಾಗಿ ತಿಂಗಳು ಕಳೆದ ಮೇಲೆ ನಮ್ಮ ಮನೆಯವರು ಹೇಳಿ ತಿಳಿಯಿತು. ಹುಡುಗನು ಈಗ ಬಂದು ಕುಳಿತು ಕಾಫಿಗಾಗಿ ಕಾಯುತ್ತಿದ್ದನು. ಒಂದು ಸಂಜೆ ನಾವೇ ಅಡಿಗೆಮನೆಯ ಬಾಗಿಲಿಗೆ ಹೋಗಿ, ಕಾರು ಬಂದ ಸದ್ದು ಕೇಳಿಸಲಿಲ್ಲವೇನಮ್ಮ ಎಂದೆವು.

“ಬಂದದ್ದು ಕೇಳಿಸಿತು ಭಾವ. ಯಾರು ಬಂದರೆಂದು ತಿಳಿಯಲಿಲ್ಲ” ಎಂದಳು.

ಆ ರಾತ್ರಿ ಹುಡುಗನಿಗೆ ಈ ಮಾತನ್ನಷ್ಟೇ ತಿಳಿಸಿದೆವು; ಹೀಗೆ ಮಾಡು ಎನ್ನಲಿಲ್ಲ. ಮಾರನೆಯ ಭಾನುವಾರ ಅವನು ತಾನಾಗಿಯೇ ಅಟ್ಟದಿಂದ ಹಳೆಯ ಪೆಟ್ಟಿಗೆಯನ್ನು ಇಳಿಸಿದನು. ಆ ಟೊಳ್ಳು ಬುರುಡೆಯನ್ನು ಮಾತ್ರ, ಕೆಲಸಕ್ಕೆ ಬಾರದ್ದೆಂದು ಹಳೆಯ ಪೇಪರಿನೊಂದಿಗೆ ಗುಜರಿಯವನಿಗೆ ಕೊಟ್ಟುಬಿಟ್ಟಿದ್ದನು. ಅದಿದ್ದ ತೂತಿಗೆ ಬಿರಡೆ ಜಡಿದು ಎಲ್ಲವನ್ನೂ ಜೋಡಿಸಿದನು. ನಮ್ಮ ಕಿವಿಗೆ ಮೊದಲಿನ ಧ್ವನಿಯೇ ಬಂದಿತ್ತು. ತಾಯಿಯಾದರೋ ಎರಡು ದಿನ ಕೇಳಿ, “ತಿರುವು ದಾಟಿದ ಮೇಲೆ ಏನೋ ಒಂದು ಊಂಕಾರ ಹೆಚ್ಚಾಗಿ ಬರುತ್ತದಲ್ಲ” ಎಂದಳು. ಹೆಲ್ಮ್‌ಹೋಲ್ಟ್ಸನ ಹೆಸರನ್ನು ಆಕೆ ಕೇಳಿದವಳಲ್ಲ.

ಹುಡುಗನು ಎರಡು ಭಾನುವಾರ ಗುಜರಿ ಅಂಗಡಿಗಳನ್ನು ಅಲೆದನು. ಒಂದು ದಿನ ನಾವೂ ಜೊತೆಗೆ ಹೋದೆವು. ಪಂಚೆಗೆ ಮಸಿ ಮೆತ್ತಿತು. ಕೊನೆಗೆ ಮುರಿದ ಕಾರೊಂದರಿಂದ ಬಿಚ್ಚಿಟ್ಟಿದ್ದ, ಅದೇ ಅಳತೆಯ ಬುರುಡೆ ಸಿಕ್ಕಿತು. ಶಂಕುವಿನ ಫಿಲ್ಟರನ್ನು ಅವನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟಿದ್ದಾನೆ. ತನ್ನ ದುಡ್ಡಿನಿಂದ ಕಾರು ಕೊಂಡಾಗ ಹಾಕುವನಂತೆ. ಬೆಟ್ಟದ ದಾರಿಯ ಆ ಗರ್ಜನೆಯ ನೆನಪು ನಮಗೂ ಇನ್ನೂ ಹೋಗಿಲ್ಲ.

ಬುರುಡೆ ಕೂಡಿಸಿದ ಮಾರನೆಯ ಸಂಜೆ ನಾವು ಜಗಲಿಯಲ್ಲಿ ಕುಳಿತಿದ್ದೆವು. ಬೀದಿ ಬರಿದಾಗಿತ್ತು, ನಮಗಿನ್ನೂ ಏನೂ ಕೇಳಿಸಿರಲಿಲ್ಲ. ಒಳಗೆ ಹಾಲಿನ ಪಾತ್ರೆಯನ್ನು ಒಲೆಯ ಮೇಲಿಟ್ಟ ಸದ್ದಾಯಿತು.