ಮಳೆ ಹೋದ ದಾರಿಯಲ್ಲಿ ಶೆಟ್ಟಿಹಳ್ಳಿಗೆ

ದಸರಾ ರಜೆಗೆ ಮುಂಚಿನ ಶನಿವಾರ. ಸಕಲೇಶಪುರದಿಂದ ಹೊರಟ ಬಸ್ಸಿನಲ್ಲಿ ಐವತ್ತೆರಡು ಮಕ್ಕಳು, ಮೂವರು ಶಿಕ್ಷಕರು, ಎರಡು ದೊಡ್ಡ ಪಾತ್ರೆ ಚಿತ್ರಾನ್ನ. ‘ನೀರಿನಲ್ಲಿ ಮುಳುಗಿ ಏಳುವ ಚರ್ಚ್ ತೋರಿಸುತ್ತೇನೆ, ಒಳಗೆ ಹೋಗಿ ಕಮಾನುಗಳನ್ನು ಅಳೆಯೋಣ’ ಎಂದು ಎಂಟು ದಿನದಿಂದ ತರಗತಿಯಲ್ಲಿ ಹೇಳಿಕೊಂಡು ಬಂದಿದ್ದೆ. ಅಳತೆಯ ಟೇಪು ಚೀಲದಲ್ಲೇ ಇತ್ತು. ಶೆಟ್ಟಿಹಳ್ಳಿಯಲ್ಲಿ ಬಸ್ಸಿಳಿದು ನೋಡಿದರೆ ಎದುರಿಗೆ ಕಣ್ಣು ಹಾಯುವಷ್ಟು ದೂರ ನೀರು. ಅದರ ನಡುವೆ ಚರ್ಚಿನ ಮೇಲುಭಾಗ ಮಾತ್ರ ಎದ್ದು ಕಾಣುತ್ತಿತ್ತು. ಗೋಡೆಯ ನೆತ್ತಿಯ ಮೇಲೆ ನೀರುಕಾಗೆಯೊಂದು ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುತ್ತಿತ್ತು.

ಅಳತೆಯ ಮಾತು ಅಲ್ಲಿಗೆ ಮುಗಿಯಿತು. ಮಕ್ಕಳು ದಡದಲ್ಲೇ ಚಿತ್ರಾನ್ನ ತಿಂದರು. ತಪ್ಪು ನನ್ನದೇ. ಬಸ್ಸು, ಊಟ, ಪೋಷಕರ ಒಪ್ಪಿಗೆ ಪತ್ರ ಎಲ್ಲವನ್ನೂ ವಿಚಾರಿಸಿದ್ದ ನಾನು ನದಿಯನ್ನು ವಿಚಾರಿಸಿರಲಿಲ್ಲ. ಆಗ ಹಾನುಬಾಳು ಕಡೆಯ ಹುಡುಗಿಯೊಬ್ಬಳು ಕೈ ತೊಳೆಯುತ್ತಾ ಕೇಳಿದಳು: ‘ಸಾರ್, ಇದು ನಮ್ಮೂರಲ್ಲಿ ಬಿದ್ದ ಮಳೆನಾ?’

ಹೌದು ಮಗೂ, ನಿಮ್ಮೂರ ಮಳೆಯೇ ಎಂದೆ. ಆ ಪ್ರವಾಸವನ್ನು ನಾನು ಎಲ್ಲಿಂದ ಶುರುಮಾಡಬೇಕಾಗಿತ್ತು ಎಂಬುದು ಆ ಪ್ರಶ್ನೆಯಿಂದಲೇ ಹೊಳೆದದ್ದು. ಶೆಟ್ಟಿಹಳ್ಳಿ ಇರುವುದು ಹಾಸನದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ, ಬಯಲಿನಲ್ಲಿ. ಆದರೆ ಅಲ್ಲಿಗೆ ಯಾವಾಗ ಹೋಗಬಹುದು ಎಂಬುದನ್ನು ತೀರ್ಮಾನಿಸುವುದು ನಮ್ಮ ಸಕಲೇಶಪುರ, ಆಲೂರು, ಮೂಡಿಗೆರೆಯ ಬೆಟ್ಟಗಳು.

ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನದುರ್ಗದ ಬಳಿ. ಸಕಲೇಶಪುರದ ಊರ ಮಗ್ಗುಲಲ್ಲೇ ಹರಿದು, ಆಲೂರು ಸೀಮೆಯ ಕಾಫಿ ತೋಟಗಳ ಮತ್ತು ಗದ್ದೆಗಳ ನೀರನ್ನೂ ಕೂಡಿಸಿಕೊಂಡು ಗೊರೂರಿಗೆ ಬರುತ್ತದೆ. ‘ಹಳ್ಳಿಯ ಚಿತ್ರಗಳು’ ಬರೆದ ಗೊರೂರು ರಾಮಸ್ವಾಮಿ ಅಯ್ಯಂಗಾರರ ಊರು ಅದೇ. ಅಲ್ಲಿ 1979ರಲ್ಲಿ ಅಣೆಕಟ್ಟು ಮುಗಿಯಿತು. ಎತ್ತರ 58.5 ಮೀಟರ್, ಉದ್ದ ನಾಲ್ಕೂವರೆ ಕಿಲೋಮೀಟರಿಗೂ ಹೆಚ್ಚು. ಹಿಂದಕ್ಕೆ ಸರಿದ ನೀರು ಊರುಗಳನ್ನೂ ಹೊಲಗದ್ದೆಗಳನ್ನೂ ಮುಳುಗಿಸಿತು. ಶೆಟ್ಟಿಹಳ್ಳಿಯ ರೋಸರಿ ಚರ್ಚಿನ ಸುತ್ತ ಇದ್ದ ಜನ ಬೇರೆ ಕಡೆ ನೆಲೆ ಹುಡುಕಿಕೊಂಡರು. ಕಟ್ಟಡ ಮಾತ್ರ ಅಲ್ಲೇ ಉಳಿಯಿತು. ಅಂದಿನಿಂದ ಮಳೆಗಾಲ ಬಂದಾಗ ಮುಳುಗುತ್ತದೆ, ಬೇಸಿಗೆಗೆ ಏಳುತ್ತದೆ.

ಎಂಟನೇ ತರಗತಿಯವರೂ ಮಾಡಬಹುದಾದ ಒಂದು ಲೆಕ್ಕ ಹೇಳುತ್ತೇನೆ. ಜಲಾಶಯ ತುಂಬಿದಾಗ ಹಿಡಿಯುವ ನೀರು 37.1 ಟಿಎಂಸಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2.83 ಕೋಟಿ ಘನ ಮೀಟರ್. ಒಟ್ಟು 105 ಕೋಟಿ ಘನ ಮೀಟರ್ ಆಯಿತು. ಅಣೆಕಟ್ಟಿಗೆ ನೀರು ಹರಿದು ಬರುವ ಪ್ರದೇಶ ಸುಮಾರು 2,810 ಚದರ ಕಿಲೋಮೀಟರ್. ಭಾಗಿಸಿ ನೋಡಿ, 37 ಸೆಂಟಿಮೀಟರ್ ಚಿಲ್ಲರೆ ಬರುತ್ತದೆ. ಈ ಇಡೀ ಪ್ರದೇಶದ ಮೇಲೆ ಮೊಣಕಾಲಿಗಿಂತ ಕೊಂಚ ಕೆಳಗೆ ನಿಲ್ಲುವಷ್ಟು ನೀರು ಇಂಗದೆ, ಆರದೆ ಹರಿದು ಬಂದರೆ ಖಾಲಿ ಜಲಾಶಯ ತುಂಬಿಬಿಡುತ್ತದೆ. ಸಕಲೇಶಪುರದ ಪಶ್ಚಿಮದ ಅಂಚಿನಲ್ಲಿ ಜುಲೈ ತಿಂಗಳ ಮಳೆ ನೋಡಿದವರಿಗೆ ಇದು ದೊಡ್ಡ ವಿಷಯವೆನಿಸದು. ಬಯಲಿನ ಕಡೆ ಮೋಡ ಮಾತ್ರ ಇದ್ದರೂ ಬೆಟ್ಟದಲ್ಲಿ ಒಂದೆರಡು ವಾರ ಬಿಡದೆ ಸುರಿದರೆ ಸಾಕು, ಚರ್ಚಿನ ಬಾಗಿಲಿಗೆ ನೀರು ಬಂದು ನಿಲ್ಲುತ್ತದೆ.

ಆದ್ದರಿಂದ ಹೊರಡುವ ಮುನ್ನ ಪತ್ರಿಕೆಯಲ್ಲಿ ಬರುವ ಜಲಾಶಯಗಳ ಮಟ್ಟದ ಪಟ್ಟಿ ನೋಡಿ. ಹೇಮಾವತಿಯ ಗರಿಷ್ಠ ಮಟ್ಟ 2,922 ಅಡಿ. ಅಂದಿನ ಮಟ್ಟ ಅದರ ಹತ್ತಿರವಿದ್ದರೆ ದಡದಿಂದ ನೋಡಿ ಬರುವ ಪ್ರವಾಸ. ಬಹಳ ಕೆಳಗಿದ್ದರೆ ನಡೆದು ಹತ್ತಿರ ಹೋಗುವ ಪ್ರವಾಸ. ಸಾಮಾನ್ಯವಾಗಿ ಜುಲೈ–ಆಗಸ್ಟಿನಿಂದ ಮುಳುಗಿದ ರೂಪ, ಫೆಬ್ರವರಿಯ ನಂತರ ಬಯಲಾದ ರೂಪ. ಎರಡಕ್ಕೂ ಅದರದರ ಚಂದವಿದೆ. ಶಾಲೆಗಳು ಪ್ರವಾಸ ಹೊರಡುವುದು ಡಿಸೆಂಬರ್–ಜನವರಿಯಲ್ಲಿ. ಆಗ ಇದೂ ಅಲ್ಲ ಅದೂ ಅಲ್ಲ ಎಂಬ ಸ್ಥಿತಿ, ಕೆಸರೇ ಹೆಚ್ಚು. ಒಳ್ಳೆಯ ಕಾಲವೆಂದರೆ ಪರೀಕ್ಷೆ ಮುಗಿದ ಏಪ್ರಿಲ್. ಆ ಹೊತ್ತಿಗೆ ಮೇಷ್ಟ್ರು ಮಕ್ಕಳ ಕೈಗೆ ಸಿಗುವುದಿಲ್ಲ, ಮಕ್ಕಳು ಮೇಷ್ಟ್ರ ಕೈಗೆ ಸಿಗುವುದಿಲ್ಲ. ಹಾಗಾಗಿ ಈ ಕೆಲಸವನ್ನು ಪೋಷಕರೇ ವಹಿಸಿಕೊಳ್ಳಬೇಕು.

ಸಾಧ್ಯವಾದರೆ ಬೆಟ್ಟದಿಂದಲೇ ಹೊರಡಿ. ಬೆಳಿಗ್ಗೆ ಸಕಲೇಶಪುರದ ಆಚೆ ಮಂಗಳೂರು ರಸ್ತೆಯಲ್ಲಿರುವ ಮಂಜರಾಬಾದ್ ಕೋಟೆ ಹತ್ತಿ. ಟಿಪ್ಪು ಸುಲ್ತಾನ 1792ರಲ್ಲಿ ಕಟ್ಟಿಸಿದ, ಎಂಟು ಮೂಲೆಯ ನಕ್ಷತ್ರದಂತಿರುವ ಕೋಟೆ. ಫ್ರೆಂಚರ ಕೋಟೆ ಕಟ್ಟುವ ಕ್ರಮವನ್ನು ಅನುಸರಿಸಿದ್ದು. ಮೇಲೆ ನಿಂತು ಮಕ್ಕಳಿಗೆ ಎರಡೂ ಕಡೆ ತೋರಿಸಿ. ಘಟ್ಟದ ಕಡೆ ಬಿದ್ದ ಮಳೆ ಕೆಂಪುಹೊಳೆ ಸೇರಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ, ಊರ ಕಡೆ ಬಿದ್ದದ್ದು ಹೇಮಾವತಿ, ಕಾವೇರಿ ಎಂದು ಬಂಗಾಳ ಕೊಲ್ಲಿಗೆ. ಇನ್ನೊಂದು ದಿನ ಬಿಡುವಿದ್ದರೆ ಬಿಸಿಲೆಯ ಕಡೆ ಹೋದಾಗ ಈ ನೀರಿನ ಗಡಿಯನ್ನು ಗುರುತಿಸಿ ನೆಟ್ಟ ಕಲ್ಲೇ ನೋಡಲು ಸಿಗುತ್ತದೆ. ಕೋಟೆ ಇಳಿದು ಆಲೂರು, ಹಾಸನದ ಮೇಲೆ ಶೆಟ್ಟಿಹಳ್ಳಿಗೆ ಬಂದರೆ, ಹೆಚ್ಚುಕಡಿಮೆ ಮಳೆ ನೀರಿನ ಜೊತೆಯಲ್ಲೇ ಇಳಿದು ಬಂದ ಹಾಗೆ. ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರ್. ಚಹಾ ಕುಡಿದು ನಿಧಾನವಾಗಿ ಬಂದರೂ ಊಟದ ಹೊತ್ತಿಗೆ ಚರ್ಚಿನ ಮುಂದಿರಬಹುದು.

ಚರ್ಚಿನ ಚರಿತ್ರೆ ಹೇಳುವಾಗ ಒಂದು ಎಚ್ಚರಿಕೆ. ಇದನ್ನು ಅಬ್ಬೆ ದುಬಾಯ್ ಎಂಬ ಫ್ರೆಂಚ್ ಪಾದ್ರಿ 1860ರಲ್ಲಿ ಕಟ್ಟಿಸಿದರು ಎಂದು ಒಂದೇ ಉಸಿರಿನಲ್ಲಿ ಹೇಳುವವರಿದ್ದಾರೆ. ನಾನು ಈ ಮಾತನ್ನು ಹಲಗೆಯ ಮೇಲೆ ಬರೆದು, ಪಕ್ಕದಲ್ಲಿ ಇನ್ನೆರಡು ಇಸವಿ ಬರೆಯುತ್ತೇನೆ. ದುಬಾಯ್ ಭಾರತ ಬಿಟ್ಟದ್ದು 1823ರಲ್ಲಿ, ಪ್ಯಾರಿಸ್ಸಿನಲ್ಲಿ ತೀರಿಕೊಂಡದ್ದು 1848ರಲ್ಲಿ. ಮಿಕ್ಕದ್ದನ್ನು ಮಕ್ಕಳೇ ಹೇಳುತ್ತಾರೆ. ನೀರಿನಲ್ಲಿ ನಿಂತಿರುವ ಈ ಕಟ್ಟಡ ಅವರ ನಂತರ ಬಂದ ಫ್ರೆಂಚ್ ಪಾದ್ರಿಗಳ ಕಾಲದ್ದು.

ಹಾಗೆಂದು ದುಬಾಯ್ ಅವರನ್ನು ಕಥೆಯಿಂದ ಬಿಡುವಂತಿಲ್ಲ. 1792ರಲ್ಲಿ ಭಾರತಕ್ಕೆ ಬಂದವರು. ಶ್ರೀರಂಗಪಟ್ಟಣದ ಪತನದ ನಂತರ ಮೈಸೂರು ಸೀಮೆಯಲ್ಲಿ ಕೆಲಸ ಮಾಡಿ, ಹಾಸನದ ಸುತ್ತಿನಲ್ಲಿ ಕ್ರೈಸ್ತ ರೈತರಿಗೆ ನೆಲೆ ಮಾಡಿಕೊಟ್ಟರು. ಇಲ್ಲಿನವರ ಹಾಗೆ ಉಟ್ಟು, ಇಲ್ಲಿನವರ ಊಟ ಉಂಡು, ‘ದೊಡ್ಡಸ್ವಾಮಿಯವರು’ ಎನಿಸಿಕೊಂಡರು. ವಿಜ್ಞಾನದ ಮೇಷ್ಟ್ರಾದ ನನಗೆ ಅವರ ಇನ್ನೊಂದು ಕೆಲಸ ಹೆಚ್ಚು ದೊಡ್ಡದಾಗಿ ಕಾಣುತ್ತದೆ. ಇಂಗ್ಲೆಂಡಿನಲ್ಲಿ ಜೆನ್ನರ್ ದನದ ಸಿಡುಬಿನಿಂದ ಮನುಷ್ಯರ ಸಿಡುಬು ತಡೆಯಬಹುದೆಂದು ಪ್ರಯೋಗ ಮಾಡಿದ್ದು 1796ರಲ್ಲಿ. ಏಳೆಂಟು ವರ್ಷದೊಳಗೆ, 1803–04ರಲ್ಲಿ, ದುಬಾಯ್ ಮೈಸೂರು ಸೀಮೆಯ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಿಸಿದ್ದರು. ರೈಲಿಲ್ಲ, ಮಂಜುಗಡ್ಡೆಯ ಪೆಟ್ಟಿಗೆಯಿಲ್ಲ, ಸೂಜಿ ಕಂಡರೆ ಓಡುವ ಜನ. ಮನೆಮನೆಯಲ್ಲಿ ಮಕ್ಕಳನ್ನು ಕಳೆದುಕೊಳ್ಳುತ್ತಿದ್ದ ಕಾಲ. ಚರ್ಚಿನ ದಡದಲ್ಲಿ ಕೂತು ಹೇಳಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಕಟ್ಟಡದ ಮುಂದೆ ನಿಂತ ಮಕ್ಕಳು ಕೇಳುವ ಮೊದಲ ಪ್ರಶ್ನೆ: ಇಷ್ಟು ನೀರು ಒತ್ತಿದರೂ ಗೋಡೆ ಯಾಕೆ ಬೀಳಲಿಲ್ಲ? ಉತ್ತರ ಒಂಬತ್ತನೇ ತರಗತಿಯ ಪುಸ್ತಕದಲ್ಲೇ ಇದೆ. ಅಣೆಕಟ್ಟಿಗೆ ಒಂದು ಕಡೆ ಮಾತ್ರ ನೀರು. ಚರ್ಚಿಗೆ ಬಾಗಿಲು ಕಿಟಕಿಗಳ ಮೂಲಕ ಒಳಗೂ ಹೊರಗೂ ಒಂದೇ ಮಟ್ಟದ ನೀರು. ಎರಡು ಕಡೆಯ ಒತ್ತಡವೂ ಸಮ. ಎರಡನೆಯ ಪ್ರಶ್ನೆ, ಗಾರೆಯ ಬಗ್ಗೆ. ಗಾರೆಗೆ ಬೆಲ್ಲ, ಮೊಟ್ಟೆ ಕಲಸಿದ್ದರು ಎಂದು ಊರಿನವರು ಹೇಳುತ್ತಾರೆ. ನಗಬೇಡಿ. ಸಕ್ಕರೆಯ ಅಂಶವಿದ್ದರೆ ಸುಣ್ಣ ನೀರಿನಲ್ಲಿ ಹೆಚ್ಚು ಕರಗುತ್ತದೆ, ಗಾರೆ ನಿಧಾನವಾಗಿ ಗಟ್ಟಿಯಾಗುತ್ತದೆ. ಒಂದು ಲೋಟ ಸುಣ್ಣದ ತಿಳಿನೀರಿನಲ್ಲಿ ಬಾಯಿಂದ ಗಾಳಿ ಊದಿದರೆ ಹಾಲಿನಂತೆ ಬೆಳ್ಳಗಾಗುತ್ತದಲ್ಲ, ಅದೇ ಕ್ರಿಯೆ ಗೋಡೆಯೊಳಗೆ ವರ್ಷಾನುಗಟ್ಟಲೆ ನಡೆದು ಸುಣ್ಣ ಮತ್ತೆ ಕಲ್ಲಾಗುತ್ತದೆ. ಚೂಪು ತುದಿಯ ಕಮಾನುಗಳನ್ನೂ ನೋಡಿ. ಅರ್ಧವೃತ್ತದ ಕಮಾನಿಗಿಂತ ಇವು ಪಕ್ಕಕ್ಕೆ ಕಡಿಮೆ ತಳ್ಳುತ್ತವೆ, ಭಾರವನ್ನು ಹೆಚ್ಚಾಗಿ ಕೆಳಕ್ಕೇ ಇಳಿಸುತ್ತವೆ.

ಆದರೆ ಒತ್ತಡ ಕೆಡವದ ಗೋಡೆಯನ್ನು ನೆನೆಯುವುದು–ಒಣಗುವುದು ಕೆಡವುತ್ತದೆ. ಪ್ರತಿ ವರ್ಷ ಇಟ್ಟಿಗೆ ನೀರು ಕುಡಿದು ಭಾರವಾಗುತ್ತದೆ, ಮತ್ತೆ ಒಣಗುತ್ತದೆ. ಗಾರೆ ಸ್ವಲ್ಪ ಸ್ವಲ್ಪವೇ ತೊಳೆದು ಹೋಗುತ್ತದೆ. ನೀರಿನ ಅಂಚಿನಲ್ಲಿ ಅಲೆ ಬಡಿಯುತ್ತದೆ. ಬಿರುಕಿನಲ್ಲಿ ಗಿಡದ ಬೇರು. ಮೇಲೆ ಚಾವಣಿಯಿಲ್ಲ. ಹೀಗಾಗಿ ಈಗ ಹೇಳುವ ಮಾತನ್ನು ಪೋಷಕರು ಗಮನವಿಟ್ಟು ಓದಬೇಕು.

ಮೊದಲ ಪ್ರವಾಸ ಕೆಟ್ಟ ಮೇಲೆ ಮುಂದಿನ ಬೇಸಿಗೆಯಲ್ಲಿ ಮತ್ತೆ ಹೋದೆವು. ಈ ಸಲ ನೀರು ದೂರ ಸರಿದಿತ್ತು. ಬಿಸಿಲೆಂದು ಮಕ್ಕಳನ್ನು ಗೋಡೆಯ ನೆರಳಿಗೆ, ಕಮಾನಿನ ಕೆಳಗೇ ಕೂರಿಸಿ ಬುತ್ತಿ ಬಿಚ್ಚಿಸಿದೆ. ಊಟ ಮುಗಿಸಿ ಎಲ್ಲರೂ ಕೈ ತೊಳೆಯಲು ಹೋಗಿದ್ದಾಗ ಹಿಂದೆ ಧೊಪ್ಪೆಂದು ಸದ್ದು. ತೆಂಗಿನಕಾಯಿಯಷ್ಟು ದೊಡ್ಡ ಗಾರೆಯ ಹೆಂಟೆ, ಐದು ನಿಮಿಷದ ಹಿಂದೆ ಇಬ್ಬರು ಹುಡುಗರು ಕೂತಿದ್ದ ಜಾಗದಲ್ಲಿ ಬಿದ್ದಿತ್ತು. ಅವರ ಊಟದ ಡಬ್ಬಿ ನಜ್ಜುಗುಜ್ಜಾಗಿತ್ತು. ಹುಡುಗರು ಡಬ್ಬಿ ನೋಡಿ ನಕ್ಕರು. ನನಗೆ ಅಂದು ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ನಾನು ಯಾರನ್ನೂ ಗೋಡೆಗಳ ನಡುವೆ ಬಿಟ್ಟಿಲ್ಲ. ಗೋಡೆ ಎಷ್ಟು ಎತ್ತರವಿದೆಯೋ ಕನಿಷ್ಠ ಅಷ್ಟು ದೂರ ನಿಲ್ಲುವುದು ನಮ್ಮ ನಿಯಮ. ಕಮಾನಿನ ಎತ್ತರವನ್ನು ದೂರದಿಂದಲೇ ಒಂದು ಕೋಲು, ಅದರ ನೆರಳು, ಗೋಡೆಯ ನೆರಳು ಹಿಡಿದು ತ್ರೈರಾಶಿಯಲ್ಲಿ ತೆಗೆಯಬಹುದು. ಟೇಪಿಗಿಂತ ಇದೇ ಒಳ್ಳೆಯ ಪಾಠ. ಫೋಟೋಗಾಗಿ ಗೋಡೆ ಹತ್ತುವ ದೊಡ್ಡವರನ್ನೂ ಕಂಡಿದ್ದೇನೆ. ಅವರಿಗೆ ಪಾಠ ಹೇಳುವುದು ನನ್ನ ವಿದ್ಯೆಗೆ ಮೀರಿದ್ದು.

ಇನ್ನೊಂದು ಅಪಾಯ ಕೆಸರು. ನೀರು ಹಿಂದೆ ಸರಿದ ನೆಲ ಮೇಲೆ ಬಿರುಕು ಬಿಟ್ಟು ಒಣಗಿದಂತಿರುತ್ತದೆ, ಕಾಲಿಟ್ಟರೆ ಮೊಣಕಾಲವರೆಗೆ ಹೂಳುತ್ತದೆ. ದನ ನಡೆದ ದಾರಿಯಲ್ಲೇ ನಡೆಯಿರಿ. ನೀರಿಗೆ ಇಳಿಯುವುದು ಬೇಡವೇ ಬೇಡ. ತಳದಲ್ಲಿ ಹಳೆಯ ಬಾವಿ, ಹಳ್ಳ ಏನಿದೆಯೋ ಮೇಲೆ ನಿಂತವರಿಗೆ ಕಾಣುವುದಿಲ್ಲ.

ಮೂರನೆಯ ಸಲ ಹೋದಾಗ ಒಬ್ಬ ವಿದ್ಯಾರ್ಥಿಯ ಅಜ್ಜಿ ನಮ್ಮೊಂದಿಗೆ ಬಂದಿದ್ದರು. ಮೊಮ್ಮಗನನ್ನು ಒಬ್ಬನೇ ಕಳಿಸಲು ಮನೆಯವರಿಗೆ ಅಂಜಿಕೆ ಎಂದುಕೊಂಡಿದ್ದೆ. ಬಸ್ಸಿಳಿದ ಅಜ್ಜಿ ಚರ್ಚಿನ ಕಡೆ ತಿರುಗಲೇ ಇಲ್ಲ. ದಡದುದ್ದಕ್ಕೂ ನಡೆದು, ಕಣ್ಣಿಗೆ ಕೈ ಅಡ್ಡ ಹಿಡಿದು ನೀರಿನ ನಡುವೆ ಏನನ್ನೋ ಹುಡುಕತೊಡಗಿದರು. ‘ನೀವು ಚರ್ಚು ನೋಡೋಕೆ ಬಂದ್ರಿ ಮೇಷ್ಟ್ರೇ, ನಾನು ನಮ್ಮ ಗದ್ದೆ ನೋಡೋಕೆ ಬಂದೆ’ ಎಂದರು. ಅವರ ತವರಿನ ಗದ್ದೆ ನೀರಿನಡಿಯಲ್ಲಿ. ಚರ್ಚನ್ನು ಗುರುತಿಟ್ಟುಕೊಂಡು, ಅದರಿಂದ ಇಷ್ಟು ದೂರ ಹುಣಸೆಮರ, ಹುಣಸೆಮರದಿಂದ ಎಡಕ್ಕೆ ಕಣ, ಕಣದ ಆಚೆ ನಮ್ಮ ಮನೆ ಎಂದು ಬೆರಳು ತೋರಿಸುತ್ತಾ ಹೋದರು. ಅವರು ಕ್ರೈಸ್ತರಲ್ಲ, ಆ ಚರ್ಚಿನ ಒಳಗೆ ಎಂದೂ ಹೋದವರಲ್ಲ. ಆದರೆ ಮುಳುಗಿದ ಊರಿನಲ್ಲಿ ಇನ್ನೂ ನಿಂತಿರುವ ಗುರುತು ಅದೊಂದೇ. ‘ಅದು ಬಿದ್ದೋದ್ರೆ ನಮ್ಮನೆ ಎಲ್ಲಿತ್ತು ಅಂತ ನಂಗೂ ಗೊತ್ತಾಗಲ್ಲ’ ಎಂದರು. ಮೊಮ್ಮಗ ಪಟ್ಟಿಪುಸ್ತಕ ತೆಗೆದು, ಅಜ್ಜಿ ಹೇಳಿದಂತೆ ಹುಣಸೆಮರ, ಕಣ, ಮನೆ ಗುರುತು ಹಾಕಿ ನಕ್ಷೆ ಬರೆದ. ಚರ್ಚಿಗೆ ಒಂದು ಶಿಲುಬೆ ಹಾಕಿದ. ಉಳಿದ ಮಕ್ಕಳೂ ಸುತ್ತ ಕೂತು ಬರೆದುಕೊಂಡರು.

ಅಂದಿನಿಂದ ನಮ್ಮ ಪ್ರವಾಸದ ತಯಾರಿಯಲ್ಲಿ ಒಂದು ಕೆಲಸ ಸೇರಿದೆ. ಹೊರಡುವ ವಾರ ಮಕ್ಕಳು ಮನೆಯಲ್ಲಿ, ನೆರೆಹೊರೆಯಲ್ಲಿ, ಮುಳುಗಡೆಯ ಕಡೆಯಿಂದ ಬಂದವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಬೇಕು. ಪ್ರತಿ ತರಗತಿಯಲ್ಲೂ ಒಬ್ಬಿಬ್ಬರು ಸಿಗುತ್ತಾರೆ. 1979ರಲ್ಲಿ ಮದುವೆಯ ವಯಸ್ಸಿನಲ್ಲಿದ್ದವರಿಗೆ ಈಗ ಅರುವತ್ತು ದಾಟಿದೆ. ಅವರು ಬರುವುದಾದರೆ ಬಸ್ಸಿನಲ್ಲಿ ಮುಂದಿನ ಸೀಟು ಅವರಿಗೆ.

ಶೆಟ್ಟಿಹಳ್ಳಿಯ ದಡದಲ್ಲಿ ಹೋಟೆಲುಗಳನ್ನು ನೆಚ್ಚಬೇಡಿ. ನೀರು, ಬುತ್ತಿ ಹಾಸನದಿಂದಲೇ ಕಟ್ಟಿಕೊಳ್ಳಿ. ಬೇಸಿಗೆಯಲ್ಲಿ ನೆರಳಿಲ್ಲ, ಟೋಪಿ ಅಥವಾ ಕೊಡೆ ಬೇಕು. ಪ್ಲಾಸ್ಟಿಕ್ಕನ್ನು ವಾಪಸು ತನ್ನಿ. ಸಂಜೆ ಐದರೊಳಗೆ ದಡ ಬಿಟ್ಟರೆ ಗೊರೂರು ಅಣೆಕಟ್ಟಿನ ಕಡೆ ಒಂದು ಸುತ್ತು ಹೋಗಿ ಕತ್ತಲಾಗುವ ಹೊತ್ತಿಗೆ ಹಾಸನ ಸೇರಬಹುದು. ಮರಳುವ ಮುನ್ನ ಅಂದಿನ ಜಲಾಶಯದ ಮಟ್ಟವನ್ನೂ ನೀರು ಚರ್ಚಿನ ಯಾವ ಭಾಗ ಮುಟ್ಟಿತ್ತು ಎಂಬುದನ್ನೂ ಪುಸ್ತಕದಲ್ಲಿ ಬರೆದಿಡಿ. ಮುಂದಿನ ಸಲ ಪತ್ರಿಕೆ ತೆರೆದ ಕೂಡಲೇ ಹೊರಡುವುದೋ ಬಿಡುವುದೋ ಗೊತ್ತಾಗುತ್ತದೆ.