ಒಂದು ಗೇಣಿನ ಮಾರುತ

ಸೊನ್ನದಿಂದ ಬೆಂಗಳೂರಿಗೆ ಹೋದವರು ವಿಧಾನಸೌಧ, ಲಾಲ್‌ಬಾಗ್ ನೋಡಿ, ಮೆಜೆಸ್ಟಿಕ್ಕಿನಲ್ಲಿ ಬಟ್ಟೆಬರೆ ಕೊಂಡು ಕಲಬುರಗಿಯ ರೈಲು ಹತ್ತುವುದು ವಾಡಿಕೆ. ಆದರೆ ಜೊತೆಯಲ್ಲಿ ಹೈಸ್ಕೂಲಿನ ಹುಡುಗನೊಬ್ಬನಿದ್ದು, ಅವನಿಗೆ ವಿಮಾನದ ಹುಚ್ಚು ಹಿಡಿದಿದ್ದರೆ ದಾರಿ ಕೊಂಚ ಬದಲಾಗಬೇಕಾಗುತ್ತದೆ.

ಭೀಮಾ ನದಿಯ ಬ್ಯಾರೇಜಿನಿಂದ ಹೆಸರಾದ ಅಫಜಲಪುರ ತಾಲ್ಲೂಕಿನ ಈ ಊರಿಗೂ ವಿಮಾನಕ್ಕೂ ಎತ್ತಣ ಸಂಬಂಧ ಎನ್ನಬೇಡಿ. ವಾಯುಪಡೆಯ ಸೂರ್ಯಕಿರಣ ತಂಡ 1996ರಲ್ಲಿ ರೂಪುಗೊಂಡದ್ದು ಇದೇ ಸೀಮೆಯ ಬೀದರಿನಲ್ಲಿ. ಅಂಥ ಹುಡುಗ ಹಳೆಯ ಯುದ್ಧವಿಮಾನದ ಕಿಟ್ ಬೇಕೆಂದು ಹಟ ಹಿಡಿದರೆ ಆಶ್ಚರ್ಯವಿಲ್ಲ. ಆದರೆ ಒಳ್ಳೆಯ ಕಿಟ್ ಎಂದರೆ ಕೂಲಿಯವನ ಕೆಲವು ದಿನಗಳ ದುಡಿಮೆ. ತಪ್ಪು ಪೆಟ್ಟಿಗೆ ತಂದರೆ ಬದಲಾಯಿಸಲು ಅಂಗಡಿ ಇರುವುದು ಒಂದು ರಾತ್ರಿಯ ರೈಲು ಪ್ರಯಾಣದಾಚೆ. ಆದ್ದರಿಂದ ಅಂಗಡಿಗೆ ಮೊದಲು ನಿಜವಾದ ವಿಮಾನದ ಬಳಿ ಹೋಗುವುದೇ ಜಾಣತನ.

ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಒಂದು ಮಾರುತವಿದೆ. ಹಳೆಯ ವಿಮಾನ ನಿಲ್ದಾಣ ರಸ್ತೆಯಲ್ಲಿ 2001ರಲ್ಲಿ ತೆರೆದ ಎಚ್‌ಎಎಲ್ ಪರಂಪರಾ ಕೇಂದ್ರದಲ್ಲಿ ಇನ್ನೊಂದು. ಮೂಗಿನಿಂದ ಬಾಲದವರೆಗೆ ಹೆಜ್ಜೆ ಹಾಕುತ್ತಾ ನೋಡಿ: ಸುಮಾರು 15.87 ಮೀಟರ್ ಉದ್ದ, ರೆಕ್ಕೆಯ ತುದಿಯಿಂದ ತುದಿಗೆ ಒಂಬತ್ತೇ ಮೀಟರ್. ನಡು ಸಣ್ಣಗೆ ಒತ್ತಿದಂತಿದೆ. ಅಂದಕ್ಕಾಗಿ ಹಾಗೆ ಮಾಡಿದ್ದಲ್ಲ. ರೆಕ್ಕೆ ಸೇರುವಲ್ಲಿ ಒಡಲನ್ನು ಕಿರಿದಾಗಿಸಿದರೆ ಶಬ್ದವೇಗದ ಹತ್ತಿರ ಗಾಳಿಯ ತಡೆ ಕಡಿಮೆಯಾಗುತ್ತದೆ.

ಇದನ್ನು ವಿನ್ಯಾಸ ಮಾಡಿದವರು ಜರ್ಮನಿಯ ಕುರ್ಟ್ ಟಾಂಕ್. 1956ರಲ್ಲಿ ಬೆಂಗಳೂರಿಗೆ ಬಂದರು. 1961ರ ಜೂನ್ 17ರಂದು ಸುರಂಜನ್ ದಾಸ್ ಅದನ್ನು ಮೊದಲ ಬಾರಿಗೆ ಹಾರಿಸಿದರು. ಶಬ್ದದ ಎರಡು ಪಟ್ಟು ವೇಗದ ಕನಸಿತ್ತು. ತಕ್ಕ ಎಂಜಿನ್ ಸಿಗಲಿಲ್ಲ. ಪುಟ್ಟ ನ್ಯಾಟ್ ವಿಮಾನಕ್ಕೆ ಒಂದು ಸಾಕಾಗಿದ್ದ ಆರ್ಫಿಯಸ್ ಎಂಜಿನ್ನಿನ ಬಳಗದ್ದೇ ಎರಡನ್ನು ಜೋಡಿಸಿದರು. ಸಮತಲ ಹಾರಾಟದಲ್ಲಿ ಶಬ್ದವೇಗ ದಾಟುವುದೂ ಅದಕ್ಕೆ ಕಷ್ಟವಾಯಿತು. ಹೆಚ್ಚಿನ ಶಕ್ತಿಯ ಮಾದರಿಯೊಂದನ್ನು ಹಾರಿಸುವಾಗ 1970ರ ಜನವರಿ 10ರಂದು ದಾಸ್ ತೀರಿಕೊಂಡರು. ಪರಂಪರಾ ಕೇಂದ್ರಕ್ಕೆ ಹೋಗುವ ಬಸ್ಸಿನಲ್ಲಿ ಸುರಂಜನ್ ದಾಸ್ ರಸ್ತೆಯ ಹೆಸರು ಓದುವವರಲ್ಲಿ ಎಷ್ಟು ಮಂದಿಗೆ ಇದು ಗೊತ್ತು? ಆದರೂ 147 ಮಾರುತಗಳು ತಯಾರಾದವು, 1971ರ ಯುದ್ಧದಲ್ಲಿ ದುಡಿದವು.

ಇನ್ನು ಅಂಗಡಿ. ಟಾಂಕ್ ಅವರದೇ ಮಹಾಯುದ್ಧದ ಕಾಲದ ಫೋಕೆ ವುಲ್ಫ್ 190ರ ಕಿಟ್‌ಗಳು ಹೇರಳ, ಸ್ಪಿಟ್‌ಫೈರ್‌ಗಂತೂ ಲೆಕ್ಕವಿಲ್ಲ. ಅವರೇ ನಮಗಾಗಿ ಮಾಡಿದ ಮಾರುತ ಮಾತ್ರ ಅಪರೂಪ. ಭಾರತದ ವಿಮಾನವೇ ಬೇಕೆಂದವರು ಸಾಮಾನ್ಯವಾಗಿ ನ್ಯಾಟ್‌ಗೆ ಕೈ ಹಾಕುತ್ತಾರೆ. 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ಹೋರಾಡಿ ಮಡಿದು ಪರಮವೀರ ಚಕ್ರ ಪಡೆದ ನಿರ್ಮಲ್‌ಜಿತ್ ಸಿಂಗ್ ಸೆಖೋನ್ ಹಾರಿಸಿದ್ದು ಅದನ್ನೇ. ಇಲ್ಲೇ ಎಚ್ಚರ ಬೇಕು. ಪೆಟ್ಟಿಗೆಯ ಮೇಲೆ ಕೆಂಪು ಬಣ್ಣದ, ಇಬ್ಬರು ಕೂರುವ ವಿಮಾನವಿದ್ದರೆ ಅದು ಬ್ರಿಟನ್ನಿನ ತರಬೇತಿ ನ್ಯಾಟ್, ಟಿ.1. ನಮ್ಮದು ಒಬ್ಬನೇ ಕೂರುವಂಥದು, ಉದ್ದ 8.74 ಮೀಟರ್, ತರಬೇತಿಯದು 9.68. ಕೇಸರಿ, ಬಿಳಿ, ಹಸಿರಿನ ಚಕ್ರ ಅಂಟಿಸಿದ ಮಾತ್ರಕ್ಕೆ ಅದು ಸೆಖೋನರ ವಿಮಾನವಾಗುವುದಿಲ್ಲ.

ಅಳತೆಯ ಲೆಕ್ಕ ಸುಲಭ. 1/72 ಎಂದರೆ ಉದ್ದವನ್ನು 72ರಿಂದ ಭಾಗಿಸುವುದು. ನ್ಯಾಟ್ ಹನ್ನೆರಡು ಸೆಂಟಿಮೀಟರ್ ಆಗುತ್ತದೆ, ಮಾರುತ ಇಪ್ಪತ್ತೆರಡು, ಅಂದರೆ ಹೆಚ್ಚುಕಡಿಮೆ ಒಂದು ಗೇಣು. 1/48ರಲ್ಲಿ ಅದೇ ಮಾರುತ ಮೂವತ್ಮೂರು ಸೆಂಟಿಮೀಟರ್. ಭಾಗಗಳು ದೊಡ್ಡವು, ಜೋಡಿಸಲು ಹಿತ, ಬೆಲೆಯೂ ಹೆಚ್ಚು. ಹೊಸಬನಿಗೆ 1/72 ಸಾಕು. ತುಂಡುಗಳ ಸಂಖ್ಯೆ ನೋಡಿ ಮರುಳಾಗುವುದು ಬೇಡ. ಗಾಜಿನಂಥ ಮುಚ್ಚಳ ಸೀಳಿಲ್ಲದೆ ಇದೆಯೇ, ರೆಕ್ಕೆ ಸೊಟ್ಟಗಾಗಿಲ್ಲವೇ ಎಂದು ನೋಡುವುದು ಮುಖ್ಯ. ಅಂಟು ಕೂಡ ಪ್ಲಾಸ್ಟಿಕ್ಕಿಗೆಂದೇ ಮಾಡಿದ್ದಾಗಿರಲಿ. ಅದು ಬರಿದೆ ಅಂಟಿಸದೆ, ಮೇಲ್ಮೈಯನ್ನು ಕೊಂಚ ಕರಗಿಸಿ ಎರಡನ್ನೂ ಬೆಸೆಯುತ್ತದೆ. ಹೆಚ್ಚು ಸುರಿದರೆ ರೆಕ್ಕೆಯೇ ಕರಗೀತು!

ಮಾರುತದ ಪೆಟ್ಟಿಗೆ ಸಿಗದಿದ್ದರೆ? ಕಸ್ತೂರಬಾ ರಸ್ತೆಯಲ್ಲಿ ಎದುರಿನಿಂದ, ಪಕ್ಕದಿಂದ, ಹಿಂದಿನಿಂದ ಫೋಟೋ ತೆಗೆದುಕೊಂಡು, ಗ್ರಾಫ್ ಹಾಳೆಯಲ್ಲಿ 22 ಸೆಂಟಿಮೀಟರಿಗೆ ಇಳಿಸಿ, ದಪ್ಪ ಕಾರ್ಡ್‌ಬೋರ್ಡಿನಲ್ಲಿ ಕತ್ತರಿಸಬಹುದು. ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ಇದಕ್ಕೇ ತೂಕ ಜಾಸ್ತಿ.

ಕಿಟ್ಟಾಗಲಿ ಕಾರ್ಡ್‌ಬೋರ್ಡಾಗಲಿ, ಮುಗಿದ ಮೇಲೆ ಮೂಗು ಎತ್ತಿ ಬಾಲದ ಮೇಲೆ ಕೂರುವ ಅಪಾಯವಿದೆ. ಗುರುತ್ವಕೇಂದ್ರ ಹಿಂದಿನ ಗಾಲಿಗಳ ಮುಂದಕ್ಕೆ ಬರಬೇಕು. ಅದಕ್ಕೆ ಮೂಗಿನೊಳಗೆ ಭಾರ ಇಡುತ್ತಾರೆ. ಮೀನಿನ ಬಲೆಗೆ ಕಟ್ಟುವ ಸೀಸದ ಗುಂಡು ಒಂದೆರಡು ಸಾಕು. ಮುಟ್ಟಿದ ಮೇಲೆ ಕೈ ತೊಳೆದುಕೊಳ್ಳಬೇಕು, ಅಷ್ಟೆ.